ಮಲೆನಾಡಿನ ಹಳೆಯ ಕಂಪ್ಯೂಟರಿಗೆ ನಾವೇ ಕಟ್ಟುವ ಕರ್ನೆಲ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಸಾಗರದ ಡಿಟಿಪಿ ಅಂಗಡಿಗಳಲ್ಲಿ, ಹೊಸನಗರ ಕಡೆಯ ಹಾಲಿನ ಸೊಸೈಟಿಗಳಲ್ಲಿ, ತೀರ್ಥಹಳ್ಳಿಯ ಟ್ಯೂಷನ್ ಕೋಣೆಗಳಲ್ಲಿ, ಅಡಿಕೆ ಮಂಡಿಗಳ ಲೆಕ್ಕದ ಮೇಜಿನ ಮೇಲೆ ಹತ್ತು ಹನ್ನೆರಡು ವರ್ಷ ದುಡಿದ ಕಂಪ್ಯೂಟರುಗಳು ಇನ್ನೂ ಗಟ್ಟಿಯಾಗಿಯೇ ಇವೆ. ವಿಂಡೋಸ್ 11 ಅವುಗಳಲ್ಲಿ ಬಹಳಷ್ಟನ್ನು ಒಪ್ಪುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ನಡೆಯುತ್ತವೆ. ಲಿನಕ್ಸ್ ಹಾಕಿಕೊಂಡವರಲ್ಲಿ ಕೆಲವರಿಗಾದರೂ, ಅದರಲ್ಲೂ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ, ಇದರ ತಿರುಳನ್ನು ನಾವೇ ಕಟ್ಟಬಹುದೇ ಎಂಬ ಕುತೂಹಲ ಹುಟ್ಟುತ್ತದೆ. ಕಟ್ಟಬಹುದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಕೂತು, ಇಲ್ಲಿನ ಕರೆಂಟು, ಇಲ್ಲಿನ ನೆಟ್‌ವರ್ಕ್ ನಂಬಿಕೊಂಡು ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಕರ್ನೆಲ್ ಎಂದರೆ ಯಂತ್ರಾಂಶಕ್ಕೂ ನಮ್ಮ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗ. ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಪ್ರೊಸೆಸರ್ ಯಾರ ಪಾಳಿಗೆ, ಡಿಸ್ಕಿಗೆ ಯಾವಾಗ ಬರೆಯಬೇಕು, ಪೆನ್‌ಡ್ರೈವ್ ಚುಚ್ಚಿದರೆ ಏನು ಮಾಡಬೇಕು ಎಂಬುದೆಲ್ಲ ಅದರ ಪಾಲಿನ ಕೆಲಸ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ತೋಟದಲ್ಲಿ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಹಲವು ಫೋನುಗಳಲ್ಲಿ ಆ ಕರ್ನೆಲ್ ಆಯಾ ಮಾದರಿಗೆಂದೇ ತಯಾರಕರು ಕಟ್ಟಿಸಿದ್ದು. ಅಂದರೆ ಯಂತ್ರಕ್ಕೆ ತಕ್ಕ ಕರ್ನೆಲ್ ಎಂಬುದು ಅಪರೂಪದ ಸಂಗತಿಯಲ್ಲ, ದಿನವೂ ನಮ್ಮ ಕೈಯಲ್ಲೇ ಇರುವ ವಸ್ತು.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ಹೆಮ್ಮೆಯ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಜತೆ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಅದರಲ್ಲಿದ್ದದ್ದು ಮೇಜಿನ ಕಂಪ್ಯೂಟರಿನ ಪ್ರೊಸೆಸರ್ ಅಲ್ಲ, ಸ್ಟ್ರಾಂಗ್‌ಆರ್ಮ್ ಎಂಬ ಸಣ್ಣ ಚಿಪ್. ಹಾರ್ಡ್ ಡಿಸ್ಕ್ ಇರಲಿಲ್ಲ, ಮೆಮೊರಿ ಮೆಗಾಬೈಟುಗಳ ಲೆಕ್ಕದಲ್ಲಿತ್ತು. ಪಿಸಿಗೆಂದು ಕಟ್ಟಿದ ಕರ್ನೆಲ್ ಅಲ್ಲಿ ಎದ್ದು ನಿಲ್ಲುವಂತೆಯೇ ಇರಲಿಲ್ಲ. ಬೇಕಾದ್ದನ್ನಷ್ಟೇ ಇಟ್ಟು ಆ ಯಂತ್ರಕ್ಕೆಂದೇ ಕಟ್ಟಬೇಕಾಯಿತು. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ನಾವೆಲ್ಲ ಪಹಣಿಗೆ ನೆಚ್ಚಿಕೊಂಡಿರುವ ಭೂಮಿ ಯೋಜನೆಯ ದಾಖಲೆ ಕೆಲಸಕ್ಕೂ ಸರ್ಕಾರ ಸಿಂಪ್ಯೂಟರ್ ಬಳಸಿತ್ತು.

ಶುರು ಮಾಡುವ ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಸ್ವಂತ ಕರ್ನೆಲ್ ಹಾಕಿದರೆ ಕಂಪ್ಯೂಟರ್ ದುಪ್ಪಟ್ಟು ವೇಗ ಪಡೆಯುತ್ತದೆ ಎಂಬ ನಂಬಿಕೆ ಹುಸಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಕೊಡುವ ಸಿದ್ಧ ಕರ್ನೆಲ್‌ನಲ್ಲಿ ಸಾವಿರಾರು ಚಾಲಕಗಳಿದ್ದರೂ (ಡ್ರೈವರ್‌ಗಳಿದ್ದರೂ) ಅವು ಮಾಡ್ಯೂಲ್‌ಗಳಾಗಿ ಡಿಸ್ಕಿನಲ್ಲಿ ಮಲಗಿರುತ್ತವೆ. ಬೇಕಾದಾಗ ಮಾತ್ರ ಮೆಮೊರಿಗೆ ಬರುತ್ತವೆ. ತಾಳಮದ್ದಲೆ, ಯಕ್ಷಗಾನದ ಧ್ವನಿಮುದ್ರಣ ಮಾಡುವವರು ಶಬ್ದ ತುಂಡಾಗುತ್ತದೆಂದು ಕರ್ನೆಲ್ ಕಟ್ಟಲು ಹೊರಡುವುದುಂಟು. ಅವರು ಮೊದಲು ಬೂಟ್ ಸಾಲಿನ ಕೊನೆಗೆ ‘ಪ್ರಿಎಂಪ್ಟ್=ಫುಲ್’ ಎಂದು ಸೇರಿಸಿ ನೋಡಲಿ. ಅದೂ ಸಾಲದಿದ್ದರೆ ಡೆಬಿಯನ್‌ನಲ್ಲೇ ಸಿದ್ಧವಿರುವ ಆರ್‌ಟಿ (ರಿಯಲ್ ಟೈಮ್) ಕರ್ನೆಲ್ ಹಾಕಿಕೊಳ್ಳಲಿ. ಹಾಗಾದರೆ ಯಾರು ಕಟ್ಟಬೇಕು? ಯಾವುದೋ ಒಂದು ವೈಫೈ ಚಿಪ್‌ಗೆ ಹೊಸ ತಿದ್ದುಪಡಿ ಬೇಕಾದವರು, ಸಿದ್ಧ ಕರ್ನೆಲ್ ಸಿಗದ ಹಳೆಯ ಯಂತ್ರ ಇಟ್ಟುಕೊಂಡವರು, ತೋಟದ ಮಳೆ ಅಳೆಯಲು ರಾಸ್ಪ್‌ಬೆರಿ ಪೈ ಬಳಸಿ ಸಂವೇದಕ ಜೋಡಿಸುವವರು, ಎಲ್ಲಕ್ಕಿಂತ ಹೆಚ್ಚಾಗಿ ಕಲಿಯುವವರು. ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಮ್ ಓದಿ ಅಂಕ ತೆಗೆದ ವಿದ್ಯಾರ್ಥಿ ಒಮ್ಮೆ ಕರ್ನೆಲ್ ಕಟ್ಟಿದರೆ ತನ್ನ ಯಂತ್ರದ ಒಳಗಿನ ಒಂದೊಂದು ಭಾಗವನ್ನೂ ಹೆಸರು ಹಿಡಿದು ಗುರುತಿಸುತ್ತಾನೆ. ಬೇರೆ ಯಾವ ಪಾಠವೂ ಇಷ್ಟು ಕಲಿಸದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಿಮ್ಮ ಯಂತ್ರದಲ್ಲಿ 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಇದೆ ಎಂದು ಇಟ್ಟುಕೊಳ್ಳೋಣ. ಅದರ ಕರ್ನೆಲ್ 6.12. ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಕೀಲಿಮಣೆಯಲ್ಲಿ ರೋಮನ್ ಅಕ್ಷರಗಳಲ್ಲೇ ಒತ್ತಬೇಕು.

ಮೂಲ ಸಂಕೇತವನ್ನು ಎರಡು ಕಡೆಯಿಂದ ತರಬಹುದು. ಒಂದು, ಕರ್ನೆಲ್‌ನ ಅಧಿಕೃತ ತಾಣ. ಇನ್ನೊಂದು, ಡೆಬಿಯನ್‌ನ ‘ಲಿನಕ್ಸ್-ಸೋರ್ಸ್-6.12’ ಎಂಬ ಪ್ಯಾಕೇಜು. ಮೊದಲ ಸಲಕ್ಕೆ ಎರಡನೆಯದೇ ಒಳ್ಳೆಯದು. ಭದ್ರತಾ ತಿದ್ದುಪಡಿಗಳು ಅದರಲ್ಲೇ ಸೇರಿರುತ್ತವೆ, ಕಡತ ಸಾಚಾ ಹೌದೋ ಅಲ್ಲವೋ ಎಂಬುದನ್ನು ಪ್ಯಾಕೇಜು ತರುವ ಆಪ್ಟ್ ತಾನೇ ಪರೀಕ್ಷಿಸುತ್ತದೆ, ನಡುವೆ ನೆಟ್‌ವರ್ಕ್ ಕಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಗಂಟು ಕಟ್ಟಿದ ಸಂಕೇತ ಸುಮಾರು 150 ಎಂಬಿ. ಮೊಬೈಲ್ ಡೇಟಾದ ದಿನದ ಮಿತಿಯೊಳಗೆ ಇದು ಆಗುವ ಕೆಲಸ. ಗಿಟ್ ಮೂಲಕ ಇಡೀ ಇತಿಹಾಸವನ್ನು ಇಳಿಸಲು ಹೋದರೆ ಮಾತ್ರ ಗಿಗಾಬೈಟುಗಳು ಬೇಕಾಗುತ್ತವೆ. ಗುಡ್ಡದ ಮೇಲೆ ಹೋದರಷ್ಟೇ ಸಿಗ್ನಲ್ ಸಿಗುವ ಊರುಗಳಲ್ಲಿ ಅದಕ್ಕೆ ಕೈಹಾಕುವುದು ಬೇಡ. ಮಳೆಗಾಲಕ್ಕೆ ಮುಂಚೆಯೇ ಪೇಟೆಯಲ್ಲಿ ಒಬ್ಬರು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹಂಚಿದರೆ ಊರಿನ ನಾಲ್ಕು ಮಂದಿಗೆ ಸಾಕು.

ಜತೆಗೆ ಕಟ್ಟುವ ಸಲಕರಣೆಗಳೂ ಬೇಕು. ಬಿಲ್ಡ್-ಎಸೆನ್ಷಿಯಲ್, ಬಿಸಿ, ಬೈಸನ್, ಫ್ಲೆಕ್ಸ್, ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಲ್ಫ್-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಡೆಬ್‌ಹೆಲ್ಪರ್, ಆರ್‌ಸಿಂಕ್ ಇವೆಲ್ಲವನ್ನೂ ಆಪ್ಟ್ ಮೂಲಕ ಒಟ್ಟಿಗೆ ಹಾಕಿಕೊಳ್ಳಿ. ಡಿಸ್ಕಿನಲ್ಲಿ 10 ಜಿಬಿ ಖಾಲಿ ಜಾಗ ಇರಲಿ. ಗಂಟನ್ನು ನಿಮ್ಮ ಮನೆ ಫೋಲ್ಡರಿನಲ್ಲೇ ಬಿಚ್ಚಿ. ಕಟ್ಟುವ ಕೆಲಸಕ್ಕೆ ರೂಟ್ ಅಧಿಕಾರ ಬೇಕಿಲ್ಲ, ಕೊನೆಯಲ್ಲಿ ಇನ್‌ಸ್ಟಾಲ್ ಮಾಡುವಾಗ ಮಾತ್ರ ಬೇಕು.

ಇನ್ನು ಸಂರಚನೆ. ಇಡೀ ಕೆಲಸದ ಜೀವಾಳ ಇದು. ಕರ್ನೆಲ್‌ನಲ್ಲಿ ಸಾವಿರಾರು ಆಯ್ಕೆಗಳಿವೆ. ಪ್ರತಿಯೊಂದಕ್ಕೂ ‘ವೈ’ ಎಂದರೆ ಕರ್ನೆಲ್‌ನೊಳಗೇ ಸೇರಿಸು, ‘ಎಂ’ ಎಂದರೆ ಮಾಡ್ಯೂಲ್ ಆಗಿ ಹೊರಗಿಡು, ‘ಎನ್’ ಎಂದರೆ ಬೇಡ. ಎಲ್ಲವನ್ನೂ ಒಂದೊಂದಾಗಿ ನೋಡುತ್ತೇನೆಂದು ಕೂತವರು ಎರಡನೆಯ ದಿನ ಕೈಬಿಡುತ್ತಾರೆ. ಈಗ ಓಡುತ್ತಿರುವ ಕರ್ನೆಲ್‌ನ ಸಂರಚನೆ ಬೂಟ್ ಫೋಲ್ಡರಿನಲ್ಲಿ ‘ಕಾನ್ಫಿಗ್-’ ಎಂದು ಶುರುವಾಗುವ ಕಡತದಲ್ಲಿದೆ. ಅದನ್ನು ಸಂಕೇತದ ಫೋಲ್ಡರಿಗೆ ‘.ಕಾನ್ಫಿಗ್’ ಎಂಬ ಹೆಸರಲ್ಲಿ ನಕಲು ಮಾಡಿ. ಹೀಗೆ ನಡೆಯುತ್ತಿರುವ ಯಂತ್ರದಿಂದಲೇ ಹೊರಟಂತಾಯಿತು.

ಆಮೇಲೆ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’. ಈ ಆಜ್ಞೆ ಆ ಕ್ಷಣದಲ್ಲಿ ಮೆಮೊರಿಯಲ್ಲಿರುವ ಮಾಡ್ಯೂಲ್‌ಗಳ ಪಟ್ಟಿ ನೋಡಿ, ಅವುಗಳನ್ನು ಉಳಿಸಿ, ಮಿಕ್ಕ ಮಾಡ್ಯೂಲ್‌ಗಳನ್ನು ತೆಗೆದುಹಾಕುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಹಿಡಿಯುವ ಕೆಲಸ ಒಂದೆರಡು ಗಂಟೆಗೆ ಇಳಿಯುವುದು ಇದರಿಂದಲೇ. ಆದರೆ ಇದರಲ್ಲೇ ದೊಡ್ಡ ಅಪಾಯವೂ ಇದೆ. ಆ ಕ್ಷಣ ಚುಚ್ಚಿರದ ಸಾಧನದ ಚಾಲಕ ಹೊಸ ಕರ್ನೆಲ್‌ನಲ್ಲಿ ಇರುವುದೇ ಇಲ್ಲ. ಆದ್ದರಿಂದ ಆಜ್ಞೆ ಕೊಡುವ ಮೊದಲು ನೀವು ವರ್ಷದಲ್ಲಿ ಬಳಸುವ ಎಲ್ಲವನ್ನೂ ಜೋಡಿಸಿ, ಒಮ್ಮೆ ಬಳಸಿ ನೋಡಿ. ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ, ಸ್ಕ್ಯಾನರ್ ಓಡಿಸಿ, ವೆಬ್‌ಕ್ಯಾಮ್ ತೆರೆಯಿರಿ, ಯುಪಿಎಸ್‌ನ ಯುಎಸ್‌ಬಿ ವೈರ್ ಹಾಕಿ.

ನಮ್ಮ ಕಡೆಯವರು ವಿಶೇಷವಾಗಿ ಮರೆಯುವ ಸಾಧನಗಳು ಮೂರು. ಮೊದಲನೆಯದು ಫೋನು. ಬ್ರಾಡ್‌ಬ್ಯಾಂಡ್ ಸತ್ತಾಗ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ನೆಟ್ ಹಂಚಿಕೊಳ್ಳುವುದು ಹಳ್ಳಿಗಳಲ್ಲಿ ಮಾಮೂಲು. ಅದಕ್ಕೆ ‘ಆರ್‌ಎನ್‌ಡಿಐಎಸ್_ಹೋಸ್ಟ್’ ಅಥವಾ ‘ಸಿಡಿಸಿ_ಈಥರ್’ ಮಾಡ್ಯೂಲ್ ಬೇಕು. ಫೋನ್ ಜೋಡಿಸದೆ ಪಟ್ಟಿ ತೆಗೆದರೆ, ಮಳೆಗಾಲದಲ್ಲಿ ಬ್ರಾಡ್‌ಬ್ಯಾಂಡ್ ಹೋದ ದಿನ ಫೋನಿನ ದಾರಿಯೂ ಮುಚ್ಚಿರುತ್ತದೆ.

ಎರಡನೆಯದು ತಕ್ಕಡಿ. ಹಾಲಿನ ಸೊಸೈಟಿ, ಮಂಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸೀರಿಯಲ್ ವೈರಿನಿಂದ ಯುಎಸ್‌ಬಿಗೆ ತಿರುಗಿಸಿ ಕಂಪ್ಯೂಟರಿಗೆ ಕೊಟ್ಟಿರುತ್ತಾರೆ. ಆ ಪುಟ್ಟ ವೈರಿನೊಳಗಿನ ಚಿಪ್ ಯಾವುದು ಎಂಬುದರ ಮೇಲೆ ‘ಸಿಎಚ್341’, ‘ಪಿಎಲ್2303’, ‘ಎಫ್‌ಟಿಡಿಐ_ಎಸ್‌ಐಒ’ ಇವುಗಳಲ್ಲಿ ಒಂದು ಬೇಕು. ವೈರ್ ಹಾಳಾಗಿ ನಾಳೆ ಬೇರೆ ಕಂಪನಿಯದು ತಂದರೆ ಚಿಪ್ ಬದಲಾಗಿರಬಹುದು. ಮೂರನ್ನೂ ‘ಎಂ’ ಎಂದು ಗುರುತು ಮಾಡಿಬಿಡಿ. ಜಾಗ ಕೆಲವೇ ಕಿಲೋಬೈಟು.

ಮೂರನೆಯದು ಪೆನ್‌ಡ್ರೈವ್, ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆ ಕರೆಯೋಲೆ ಮಾಡಿಸಲು ಬಂದವರು ಕೊಡುವ ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಕಡತ ವ್ಯವಸ್ಥೆ ಇರುತ್ತದೆ. ಫ್ಯಾಟ್ ತೆರೆಯಲು ‘ವಿಫ್ಯಾಟ್’ ಮಾಡ್ಯೂಲ್ ಒಂದಿದ್ದರೆ ಸಾಲದು, ಅಕ್ಷರ ಕೋಷ್ಟಕ ‘ಎನ್‌ಎಲ್‌ಎಸ್_ಸಿಪಿ437’ ಕೂಡ ಬೇಕು. ಅದಿಲ್ಲದಿದ್ದರೆ ಪೆನ್‌ಡ್ರೈವ್ ತೆರೆಯುವುದಿಲ್ಲ, ಕೋಡ್‌ಪೇಜ್ ಸಿಗಲಿಲ್ಲ ಎಂಬ ಒಂದು ಸಾಲು ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ ಬಿದ್ದಿರುತ್ತದೆ. ಯುಟಿಎಫ್-8 ಆಯ್ಕೆ ತಪ್ಪಿದರೆ ಪೆನ್‌ಡ್ರೈವ್ ತೆರೆದುಕೊಂಡರೂ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು. ‘ಫೈಲ್ ಸಿಸ್ಟಮ್ಸ್’ ಮೆನುವಿನಲ್ಲಿ ಫ್ಯಾಟ್‌ಗೆ ಯುಟಿಎಫ್-8 ಪೂರ್ವನಿಯೋಜಿತ ಎಂಬುದಕ್ಕೆ ಗುರುತು ಹಾಕಿ, ‘ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್’ನಲ್ಲಿ ಸಿಪಿ437, ಆಸ್ಕಿ, ಐಎಸ್‌ಒ8859-1, ಯುಟಿಎಫ್-8 ನಾಲ್ಕನ್ನೂ ಉಳಿಸಿಕೊಳ್ಳಿ. ಎಕ್ಸ್‌ಫ್ಯಾಟನ್ನೂ, ಹಳೆಯ ವಿಂಡೋಸ್ ಡಿಸ್ಕ್ ಓದಲು ಫ್ಯೂಸನ್ನೂ ಬಿಡಬೇಡಿ.

ಕನ್ನಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕರ್ನೆಲ್ ಬದಲಿಸಿದರೆ ಕನ್ನಡ ಟೈಪಿಂಗ್ ಕೆಡುತ್ತದೆ ಎಂಬ ಅಂಜಿಕೆ ಬೇಡ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಾಗಲಿ, ಒತ್ತಕ್ಷರ ಸರಿಯಾಗಿ ಕೂರುವುದಾಗಲಿ ಕರ್ನೆಲ್‌ನ ಕೆಲಸವಲ್ಲ. ಐಬಸ್, ಹಾರ್ಫ್‌ಬಜ್ ಮತ್ತು ಫಾಂಟುಗಳು ಅದನ್ನು ಮೇಲಿನ ಹಂತದಲ್ಲಿ ನೋಡಿಕೊಳ್ಳುತ್ತವೆ. ಚಿತ್ರರೂಪದ ಪರದೆ ಇಲ್ಲದ ಕಪ್ಪು ಪಠ್ಯ ಪರದೆಯಲ್ಲಿ ಮಾತ್ರ ಕನ್ನಡ ಮೂಡದು. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳು ಹಿಡಿಯುತ್ತವೆ, ಅಕ್ಷರಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸುವ ಏರ್ಪಾಡು ಅಲ್ಲಿಲ್ಲ.

‘ಮೇಕ್ ಮೆನುಕಾನ್ಫಿಗ್’ ಎಂದರೆ ನೀಲಿ ಪರದೆಯ ಮೆನು ತೆರೆಯುತ್ತದೆ. ಬೇಕಾದ ಹೆಸರನ್ನು ಹುಡುಕಲು ಓರೆಗೆರೆಯ ಕೀಲಿ ಒತ್ತಿ. ಮೇಲೆ ಹೇಳಿದ ತಿದ್ದುಪಡಿಗಳ ಜತೆ ಇಲ್ಲಿ ಇನ್ನೆರಡು ಕೆಲಸ ಮಾಡಿ. ‘ಕರ್ನೆಲ್ ಹ್ಯಾಕಿಂಗ್’ ಒಳಗೆ ಡೀಬಗ್ ಮಾಹಿತಿಯನ್ನು ಪೂರ್ತಿ ಆಫ್ ಮಾಡಿ. ಅದು ಆನ್ ಇದ್ದು, ಎಲ್ಲ ಮಾಡ್ಯೂಲ್‌ಗಳೂ ಇದ್ದರೆ ಡಿಸ್ಕಿನಲ್ಲಿ 20 ಜಿಬಿಯನ್ನೂ ನುಂಗಬಹುದು. ‘ಜನರಲ್ ಸೆಟಪ್’ ಒಳಗೆ ‘ಲೋಕಲ್ ವರ್ಷನ್’ ಎಂಬಲ್ಲಿ ‘-ಮಲೆನಾಡು’ ಎಂದೋ ‘-ಸಾಗರ’ ಎಂದೋ ರೋಮನ್‌ನಲ್ಲಿ ಒಂದು ಹೆಸರು ಕೊಡಿ. ಬೂಟ್ ಪಟ್ಟಿಯಲ್ಲಿ ನಿಮ್ಮದು ಯಾವುದೆಂದು ತಕ್ಷಣ ಗೊತ್ತಾಗುತ್ತದೆ, ಡೆಬಿಯನ್‌ನ ಕರ್ನೆಲ್ ಮೇಲೆ ಬಿದ್ದು ಅದನ್ನು ಅಳಿಸುವುದೂ ಇಲ್ಲ. ಕಟ್ಟುವಾಗ ಪ್ರಮಾಣಪತ್ರದ ಕಡತ ಸಿಗಲಿಲ್ಲ ಎಂಬ ದೂರು ಬಂದರೆ ‘ಸಿಸ್ಟಮ್_ಟ್ರಸ್ಟೆಡ್_ಕೀಸ್’ ಆಯ್ಕೆಯ ಬೆಲೆಯನ್ನು ಖಾಲಿ ಬಿಡಿ.

ಕಟ್ಟುವ ಆಜ್ಞೆ ಒಂದೇ. ‘ಮೇಕ್ -ಜೆ4 ಬಿನ್‌ಡೆಬ್-ಪಿಕೆಜಿ’. ಜೆ ಮುಂದಿನ ಅಂಕಿ ಏಕಕಾಲಕ್ಕೆ ಎಷ್ಟು ಕೆಲಸ ನಡೆಯಲಿ ಎಂಬುದು. ಪ್ರೊಸೆಸರ್ ಕೋರ್‌ಗಳಷ್ಟು ಕೊಡಬಹುದು, ಆದರೆ ಮೆಮೊರಿ 2 ಜಿಬಿ ಮಾತ್ರ ಇದ್ದರೆ 2ಕ್ಕೆ ಇಳಿಸಿ.

ಇನ್ನು ಕರೆಂಟು. ಲಿಂಗನಮಕ್ಕಿ ಸಾಗರ ತಾಲ್ಲೂಕಿನಲ್ಲಿದೆ, ವಾರಾಹಿಯ ಮಾಣಿ ಅಣೆಕಟ್ಟೆ ಹೊಸನಗರ ತಾಲ್ಲೂಕಿನಲ್ಲಿದೆ. ಜೋಗದ ಶರಾವತಿ 1948ರಿಂದ ನಾಡಿಗೆ ಬೆಳಕು ಕೊಡುತ್ತಿದ್ದಾಳೆ. ಆದರೂ ಆಗುಂಬೆ, ಹುಲಿಕಲ್ ಸುತ್ತಿನ ಆಷಾಢದ ಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಯಾವಾಗ ಎಂದು ಹೇಳಲಾಗದು. ಕರ್ನೆಲ್ ಕಟ್ಟುವವರಿಗೆ ಸಮಾಧಾನದ ವಿಷಯವೆಂದರೆ ‘ಮೇಕ್’ ಮುಗಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ. ನಡುವೆ ನಿಂತರೆ, ಕರೆಂಟು ಬಂದ ಮೇಲೆ ಅದೇ ಆಜ್ಞೆ ಮತ್ತೆ ಕೊಟ್ಟರಾಯಿತು, ಉಳಿದದ್ದನ್ನಷ್ಟೇ ಕಟ್ಟುತ್ತದೆ.

ಅದಕ್ಕೊಂದು ಎಚ್ಚರಿಕೆ ಬೇಕು. ಕಂಪೈಲರ್ ಬರೆದ ಕಡತ ಡಿಸ್ಕಿಗೆ ಇಳಿಯುವ ಮೊದಲು ಕೆಲವು ಕ್ಷಣ ಮೆಮೊರಿಯಲ್ಲೇ ಇರುತ್ತದೆ. ಆ ಹೊತ್ತಿಗೆ ಕರೆಂಟು ಹೋದರೆ ಡಿಸ್ಕಿನಲ್ಲಿ ಕಡತದ ಹೆಸರು ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಹೆಸರೂ ಸಮಯವೂ ಸರಿಯಿರುವುದರಿಂದ ‘ಮೇಕ್’ ಅದನ್ನು ಮುಗಿದ ಕೆಲಸವೆಂದೇ ನಂಬುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಜೋಡಿಸುವಾಗ ಅರ್ಥವಾಗದ ದೋಷ ಬರುತ್ತದೆ. ಆದ್ದರಿಂದ ಕರೆಂಟು ಹೋಗಿ ಬಂದ ಮೇಲೆ ಮೊದಲು ‘ಫೈಂಡ್’ ಆಜ್ಞೆಯಿಂದ ‘.ಒ’ ಎಂದು ಕೊನೆಯಾಗುವ, ಸೊನ್ನೆ ಗಾತ್ರದ ಕಡತಗಳನ್ನು ಹುಡುಕಿ ಅಳಿಸಿ, ಆಮೇಲೆ ‘ಮೇಕ್’ ಕೊಡಿ. ಅನುಮಾನ ಉಳಿದರೆ ‘ಮೇಕ್ ಕ್ಲೀನ್’ ಮಾಡಿ ಮೊದಲಿನಿಂದ ಕಟ್ಟಿ. ಕಂಪೈಲ್ ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ‘ಸಿಕ್ಯಾಶ್’ ಬಳಸಿ ಕಟ್ಟಿದ್ದರೆ ಎರಡನೆಯ ಸಲ ಬಹಳ ಬೇಗ ಮುಗಿಯುತ್ತದೆ. ಗುಡುಗು ಶುರುವಾದರೆ ಮಾತ್ರ ಕಂಪೈಲ್ ಎಷ್ಟೇ ಮುಂದೆ ಹೋಗಿರಲಿ, ನಿಲ್ಲಿಸಿ ಪ್ಲಗ್ ಕಿತ್ತಿಡಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಬಲಿಯಾದ ಮದರ್‌ಬೋರ್ಡಿಗೆ ಯಾವ ಕರ್ನೆಲ್ಲೂ ಜೀವ ತುಂಬದು.

ಕಟ್ಟಿ ಮುಗಿದ ಮೇಲೆ ಹೊರಗಿನ ಫೋಲ್ಡರಿನಲ್ಲಿ ‘ಲಿನಕ್ಸ್-ಇಮೇಜ್’ ಎಂದು ಆರಂಭವಾಗುವ ಡೆಬ್ ಕಡತ ಸಿಗುತ್ತದೆ. ಅದನ್ನು ‘ಸುಡೊ ಡಿಪಿಕೆಜಿ -ಐ’ ಕೊಟ್ಟು ಇನ್‌ಸ್ಟಾಲ್ ಮಾಡಿ. ಎನ್‌ವಿಡಿಯಾ ಅಥವಾ ಬ್ರಾಡ್‌ಕಾಮ್‌ನ ಪ್ರತ್ಯೇಕ ಚಾಲಕ ಬಳಸುತ್ತಿದ್ದರೆ ‘ಲಿನಕ್ಸ್-ಹೆಡರ್ಸ್’ ಕಡತವನ್ನೂ ಹಾಕಬೇಕು. ಕರೆಂಟಿನ ನಿಜವಾದ ಅಪಾಯ ಈ ಹಂತದಲ್ಲಿದೆ. ಇಷ್ಟು ಹೊತ್ತು ನೀವು ಮುಟ್ಟಿದ್ದು ನಿಮ್ಮ ಮನೆ ಫೋಲ್ಡರನ್ನು ಮಾತ್ರ, ಈಗ ಬೂಟ್ ಫೋಲ್ಡರನ್ನೇ ಬದಲಿಸುತ್ತಿದ್ದೀರಿ. ಯುಪಿಎಸ್, ಇನ್ವರ್ಟರ್, ಲ್ಯಾಪ್‌ಟಾಪಿನ ಬ್ಯಾಟರಿ ಯಾವುದಾದರೂ ಒಂದು ಗಟ್ಟಿಯಾಗಿರುವಾಗ ಮಾತ್ರ ಮಾಡಿ. 2013ರ ಈಚಿನ ಲ್ಯಾಪ್‌ಟಾಪುಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಕರ್ನೆಲ್ಲನ್ನು ಅದು ತಡೆಯುತ್ತದೆ. ಕಲಿಯುವ ಯಂತ್ರದಲ್ಲಿ ಅದನ್ನು ಆಫ್ ಮಾಡುವುದೇ ಸುಲಭ.

ಡೆಬಿಯನ್‌ನ ಮೂಲ ಕರ್ನೆಲ್ಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಹೊಸದು ‘ಅನೇಬಲ್ ಟು ಮೌಂಟ್ ರೂಟ್’ ಎಂದು ಹೇಳಿ ನಿಂತರೆ ಡಿಸ್ಕಿನ ಚಾಲಕವೋ ಎಕ್ಸ್ಟ್4 ಚಾಲಕವೋ ಇನಿಟ್‌ರಾಮ್‌ಎಫ್‌ಎಸ್ ಎಂಬ ಆರಂಭದ ಗಂಟೋ ತಪ್ಪಿಹೋಗಿದೆ ಎಂದರ್ಥ. ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿದಾಗ ಬರುವ ಗ್ರಬ್ ಬೂಟ್ ಪಟ್ಟಿಯ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಳೆಯದನ್ನು ಆರಿಸಿ ಒಳಗೆ ಬನ್ನಿ. ನಿಮ್ಮ ಕಡತಗಳಿಗೆ ಏನೂ ಆಗಿರುವುದಿಲ್ಲ. ಹೊಸದು ಎದ್ದು ನಿಂತರೆ ‘ಯುನೇಮ್ -ಆರ್’ ಎಂದು ಕೇಳಿ. ನೀವಿಟ್ಟ ಹೆಸರು ಉತ್ತರದ ಕೊನೆಯಲ್ಲಿ ಕಾಣುತ್ತದೆ. ಆ ಸಾಲನ್ನು ಮೊದಲ ಸಲ ನೋಡುವ ಖುಷಿಯನ್ನು ನೀವೇ ಅನುಭವಿಸಬೇಕು. ವೈಫೈ ಮಾತ್ರ ಸತ್ತಿದ್ದರೆ ಚಾಲಕಕ್ಕಿಂತ ಮೊದಲು ಫರ್ಮ್‌ವೇರ್ ಪ್ಯಾಕೇಜ್ ಇದೆಯೇ ನೋಡಿ. ‘ಡಿಮೆಸೇಜ್’ ಅದನ್ನು ಹೆಸರು ಸಹಿತ ಹೇಳುತ್ತದೆ.

ತೀರಾ ಹಳೆಯ ಯಂತ್ರಗಳ ಕಥೆ ಬೇರೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಆದರೆ ಗಾಬರಿಯಾಗುವ ಮೊದಲು ‘ಎಲ್‌ಎಸ್‌ಸಿಪಿಯು’ ಕೊಟ್ಟು ನೋಡಿ. 32 ಬಿಟ್ ವಿಂಡೋಸ್ 7 ಹಾಕಿಸಿಕೊಂಡಿದ್ದ ಎಷ್ಟೋ ಕೋರ್ 2 ಡ್ಯುಯೋ ಯಂತ್ರಗಳ ಪ್ರೊಸೆಸರ್ ನಿಜಕ್ಕೂ 64 ಬಿಟ್‌ನದು. ಅಲ್ಲಿ 64 ಬಿಟ್ ಡೆಬಿಯನ್ ನೇರವಾಗಿ ಕೂರುತ್ತದೆ. ಇಂಟೆಲ್ ಆಟಮ್ ಎನ್270 ಇರುವ ಪುಟ್ಟ ನೆಟ್‌ಬುಕ್‌ನಂಥವು ಮಾತ್ರ ನಿಜವಾದ 32 ಬಿಟ್. ಅವುಗಳ ಕರ್ನೆಲ್ಲನ್ನು ಅವುಗಳ ಮೇಲೇ ಕಟ್ಟಲು ಹೋಗಬೇಡಿ. ಅಂಥ ಯಂತ್ರದ ‘ಎಲ್‌ಎಸ್‌ಮಾಡ್’ ಪಟ್ಟಿಯನ್ನೂ ಸಂರಚನೆಯ ಕಡತವನ್ನೂ ಪೆನ್‌ಡ್ರೈವಿನಲ್ಲಿ ತಂದು, ದೊಡ್ಡ ಯಂತ್ರದಲ್ಲಿ ‘ಆರ್ಚ್=ಐ386’ ಎಂದು ಸೇರಿಸಿ ಕಟ್ಟಿ ಒಯ್ಯಿರಿ.

ಲಿನಕ್ಸ್ ಅಲ್ಲದ ಬಿಎಸ್‌ಡಿ ಕುಟುಂಬದ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಇದೇ ಕೆಲಸ ಇನ್ನೂ ಅಚ್ಚುಕಟ್ಟು. ಫ್ರೀಬಿಎಸ್‌ಡಿಯಲ್ಲಿ ‘ಮಲೆನಾಡು’ ಎಂಬ ಚಿಕ್ಕ ಕಡತ ಮಾಡಿ, ಮೊದಲ ಸಾಲಿನಲ್ಲಿ ‘ಇನ್‌ಕ್ಲೂಡ್ ಜೆನೆರಿಕ್’ ಬರೆದು, ಕೆಳಗೆ ‘ನೋಡಿವೈಸ್’ ಎಂದು ಬೇಡದವುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಸಂರಚನೆ ಮುಗಿಯಿತು. ‘ಮೇಕ್ ಬಿಲ್ಡ್‌ಕರ್ನೆಲ್’, ‘ಮೇಕ್ ಇನ್‌ಸ್ಟಾಲ್‌ಕರ್ನೆಲ್’ ಎರಡಕ್ಕೂ ಆ ಕಡತದ ಹೆಸರನ್ನು ‘ಕರ್ನ್‌ಕಾನ್ಫ್’ ಮೂಲಕ ಕೊಡಬೇಕು. ಹಳೆಯ ಕರ್ನೆಲ್ ತಾನಾಗಿಯೇ ‘ಕರ್ನೆಲ್.ಓಲ್ಡ್’ ಎಂಬ ಹೆಸರಲ್ಲಿ ಉಳಿಯುತ್ತದೆ.

ಮತ್ತೆ ಲಿನಕ್ಸ್‌ಗೆ ಬಂದರೆ, ಸ್ವಂತ ಕರ್ನೆಲ್ ಹಾಕಿಕೊಂಡ ದಿನದಿಂದ ಅದರ ಭದ್ರತೆಯ ಹೊಣೆ ನಿಮ್ಮದು. ಆಪ್ಟ್ ಡೆಬಿಯನ್‌ನ ಕರ್ನೆಲ್ಲನ್ನು ತಿದ್ದುತ್ತದೆಯೇ ಹೊರತು ನಿಮ್ಮದನ್ನು ಮುಟ್ಟುವುದಿಲ್ಲ. ಲಿನಕ್ಸ್-ಸೋರ್ಸ್ ಪ್ಯಾಕೇಜ್ ಹೊಸದಾದಾಗಲೆಲ್ಲ ಗಂಟು ಬಿಚ್ಚಿ, ಹಿಂದಿನ ‘.ಕಾನ್ಫಿಗ್’ ಕಡತವನ್ನು ಅದರೊಳಗಿಟ್ಟು, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಟ್ಟು ಮತ್ತೆ ಕಟ್ಟಬೇಕು. ಆ ಕಡತದ ಒಂದು ಪ್ರತಿಯನ್ನು ಬೇರೆ ಕಡೆಯೂ ಇಟ್ಟುಕೊಳ್ಳಿ, ಅದು ನಿಮ್ಮ ಅಷ್ಟೂ ದುಡಿಮೆಯ ಫಲ. ಸೊಸೈಟಿಯ ತಕ್ಕಡಿಗೋ ಮಂಡಿಯ ಲೆಕ್ಕಕ್ಕೋ ಇರುವ ಕಂಪ್ಯೂಟರಿನಲ್ಲಿ ಈ ಕೆಲಸವನ್ನು ಮುಂದೆ ಮಾಡುವವರು ಯಾರೂ ಇಲ್ಲವೆಂದಾದರೆ ಅಲ್ಲಿ ಡೆಬಿಯನ್‌ನ ಕರ್ನೆಲ್ಲೇ ಓಡಲಿ, ನೀವು ಕಟ್ಟಿದ್ದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ.